ಹಳೆಯದನ್ನು ಬಿಡಿಸುವ ರಿಟ್ರೀಟ್‌ಗೆ ಹೋಗಿ ಬಂದೆ: ಬಸ್ಸಾರಿಗೆ ಪೂರ್ತಿ ಅಂಕ, ಬೆಂಕಿಗೆ ಇಲ್ಲ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ: ಈ ಕ್ರೈಸ್ತ ರಿಟ್ರೀಟ್‌ಗೆ, ಅಂದರೆ ಧ್ಯಾನಕೂಟಕ್ಕೆ, ಐದಕ್ಕೆ ಮೂರು ಸ್ಟಾರ್. ಒಂದು ಅಡುಗೆಯವರಿಗೆ. ಎರಡು, ಭಾನುವಾರ ಬೆಳಿಗ್ಗೆ ಮಾತಾಡಿದ ವಯಸ್ಸಾದ ಫಾದರ್‌ಗೆ. ಉಳಿದೆರಡು ಶನಿವಾರವೇ ಕೈಬಿಟ್ಟು ಹೋದವು. ಯಾಕೆ ಅಂತ ಮುಂದೆ ಬರುತ್ತದೆ.

ಬೆಂಗಳೂರಿನಲ್ಲಿ ಕ್ರೈಸ್ತರ ಧ್ಯಾನಕೂಟಕ್ಕೆ ಜಾಗಗಳಿಗೇನೂ ಬರ ಇಲ್ಲ. ವೈಟ್‌ಫೀಲ್ಡ್‌ನಲ್ಲಿ 1963ರಿಂದ ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರ್ ಇದೆ. ಹಚಿನ್ಸ್ ರಸ್ತೆ ಕಡೆ 1967ರಲ್ಲಿ ಶುರುವಾದ ಕಥೋಲಿಕರ ಎನ್‌ಬಿಸಿಎಲ್‌ಸಿ (ಬೈಬಲ್, ಧರ್ಮಬೋಧನೆ, ಆರಾಧನೆಗಳ ರಾಷ್ಟ್ರೀಯ ಕೇಂದ್ರ) ಇದೆ. ನಾನು ಹೋದದ್ದು ಇವೆರಡಕ್ಕೂ ಅಲ್ಲ, ಆನೇಕಲ್ ಕಡೆಯ ಒಂದು ಸಣ್ಣ ಟ್ರಸ್ಟಿನ ಜಾಗಕ್ಕೆ. ಹೆಸರು ಹಾಕುತ್ತಿಲ್ಲ. ಇದೇ ಅಚ್ಚಿನ ರಿಟ್ರೀಟ್‌ಗಳು ನಗರದ ಸುತ್ತ ಬೇಕಾದಷ್ಟು ನಡೆಯುತ್ತವೆ, ನನ್ನ ತಕರಾರು ಇರುವುದು ಆ ಅಚ್ಚಿನ ಮೇಲೆ.

ಶುಕ್ರವಾರ ಸಂಜೆ ಶುರು, ಭಾನುವಾರ ಮಧ್ಯಾಹ್ನದ ಊಟಕ್ಕೆ ಮುಗಿತು. ವಿಷಯ: ಹಳೆಯದನ್ನು ಬಿಟ್ಟು ವಿಶ್ವಾಸದಲ್ಲಿ ಮುಂದಕ್ಕೆ ಹೋಗುವುದು. ತಲೆಗೆ ಎರಡೂವರೆ ಸಾವಿರ, ಊಟ ವಸತಿ ಸೇರಿ. ಸಿಎಸ್‌ಐನವರು (ಚರ್ಚ್ ಆಫ್ ಸೌತ್ ಇಂಡಿಯಾ), ಮೆಥಡಿಸ್ಟರು, ಕಥೋಲಿಕರು, ಸ್ವತಂತ್ರ ಸಭೆಗಳವರು (ಸಭೆ ಅಂದರೆ ಚರ್ಚ್) ಎಲ್ಲರೂ ಬಂದಿದ್ದರು. ಎಲ್ಲಾ ಕನ್ನಡದಲ್ಲೇ ನಡೆಯಿತು, ಅದೇ ಒಂದು ದೊಡ್ಡ ಸಮಾಧಾನ. ನಮ್ಮ ಊರಲ್ಲಿ ಕನ್ನಡ ರಿಟ್ರೀಟ್ ಅಂತ ಬೋರ್ಡ್ ಹಾಕಿ ಅರ್ಧ ಇಂಗ್ಲಿಷ್, ಕಾಲು ತಮಿಳು ಮಾಡುವುದು ಹೊಸದಲ್ಲ.

ನಾನು ಹೋದ ಕಾರಣ ಗುಟ್ಟೇನಲ್ಲ. ಅಪ್ಪ ತೀರಿಕೊಂಡ ಮೇಲೆ ಒಂದು ಸೈಟಿನ ಭಾಗದ ವಿಷಯಕ್ಕೆ ಅಣ್ಣನಿಗೂ ನನಗೂ ಮಾತು ನಿಂತಿದೆ. ಕೋರ್ಟಿಗೆ ಹೋಗಿಲ್ಲ, ವಕೀಲರ ನೋಟಿಸಿನವರೆಗೆ ಬಂದಿದೆ. ಪ್ರತಿ ಭಾನುವಾರ ಕರ್ತನ ಪ್ರಾರ್ಥನೆಯಲ್ಲಿ ಕ್ಷಮೆಯ ಸಾಲು ಬಂದಾಗ ನನ್ನ ದನಿ ತಾನಾಗೇ ಸಣ್ಣದಾಗುತ್ತದೆ. ನಮ್ಮ ಸಭೆಯ ಅಯ್ಯನವರೇ "ಒಂದು ಸಲ ಹೋಗಿ ಬನ್ನಿ" ಅಂದರು. ಹೋದೆ.

ಹೋಗುವ ದಾರಿ ಈಗ ಸುಲಭ. 2025ರ ಆಗಸ್ಟ್‌ನಲ್ಲಿ ಮೆಟ್ರೊ ಹಳದಿ ಮಾರ್ಗ ಶುರುವಾದ ಮೇಲೆ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಕೂತು ಪಾಪನಿವೇದನೆ ಮಾಡಿಕೊಳ್ಳುವ ಕಷ್ಟ ತಪ್ಪಿದೆ. ಆರ್.ವಿ. ರಸ್ತೆಯಲ್ಲಿ ರೈಲು ಬದಲಾಯಿಸಿ ಬೊಮ್ಮಸಂದ್ರದಲ್ಲಿ ಇಳಿದು ಆಟೊ ಹಿಡಿಯಿರಿ. ಬಾಡಿಗೆ ಮೊದಲೇ ಮಾತಾಡಿಕೊಳ್ಳಿ. ರೂಮು ಇಬ್ಬರಿಗೆ ಒಂದು. ಚೊಕ್ಕವಾಗಿದೆ. ಸೋಲಾರ್ ಬಿಸಿನೀರು ತಡವಾಗಿ ಎದ್ದವರಿಗೆ ಸಿಗುವುದಿಲ್ಲ. ಸೊಳ್ಳೆ ಇವೆ. ಬಂದ ತಕ್ಷಣ ಮೊಬೈಲ್‌ಗಳನ್ನೆಲ್ಲ ಒಂದು ಬುಟ್ಟಿಯಲ್ಲಿ ಹಾಕಿಸಿಕೊಳ್ಳುತ್ತಾರೆ. ಮೊದಲ ಒಂದು ಗಂಟೆ ಕೈ ಸುಮ್ನೆ ಜೇಬು, ಬ್ಯಾಗು ತಡಕುತ್ತಿರುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ.

ಊಟದ ಬಗ್ಗೆ ಎರಡು ಮಾತು ಜಾಸ್ತಿಯೇ ಬರೆಯಬೇಕು. ಶನಿವಾರ ಮಧ್ಯಾಹ್ನ ಮುದ್ದೆ, ಹುರುಳಿಕಾಳು ಸೊಪ್ಪಿನ ಬಸ್ಸಾರು, ಜೊತೆಗೆ ಅದೇ ಸೊಪ್ಪು ಕಾಳಿನ ಪಲ್ಯ. ಮುದ್ದೆ ಬಿಸಿ ಇರುವಾಗಲೇ ಬಡಿಸಿದರು. ದೊಡ್ಡ ಪಂಕ್ತಿಗೆ ಅಡುಗೆ ಮಾಡುವ ಕಡೆ ಇದು ಅಪರೂಪ ಅಲ್ವಾ? ಉಪವಾಸ ಹಿಡಿದವರಿಗೆ ಗಂಜಿ ಬೇರೆ ಮಾಡಿದ್ದರು, ಯಾರೂ ಅವರನ್ನು "ಒಂದು ತುತ್ತು ತಿನ್ನಿ" ಅಂತ ಪೀಡಿಸಲಿಲ್ಲ. ಭಾನುವಾರ ಕೋಳಿ ಸಾರು. ಅಡುಗೆ ಮಾಡುವ ಇಬ್ಬರು ಹೆಂಗಸರು ಯಾವ ಭಾಷಣಕ್ಕೂ ಬರಲಿಲ್ಲ, ಅವರಿಗೆ ಪುರುಸೊತ್ತೂ ಇರಲಿಲ್ಲ. ಕೊನೆಗೆ ವಂದನೆ ಹೇಳುವಾಗ ವೇದಿಕೆಯವರು ಕೀಬೋರ್ಡ್ ನುಡಿಸಿದ ಹುಡುಗನಿಗೂ ಶಾಲು ಹೊದಿಸಿದರು, ಇವರನ್ನು ಮರೆತರು. ಕೀಬೋರ್ಡ್ ಬಗ್ಗೆ ಇಷ್ಟೇ: ಸ್ವಲ್ಪ ಕಡಿಮೆ ಮಾಡಿ. ಹಳೇ ಕನ್ನಡ ಗೀತೆಗಳಿಗೆ ಅಷ್ಟು ಡ್ರಮ್ ಬೇಕಿಲ್ಲ.

ಈಗ ಅಸಲು ವಿಷಯ.

ಶನಿವಾರ ಬೆಳಿಗ್ಗೆಯ ಭಾಷಣ ಬೈಬಲ್‌ನಲ್ಲಿ ಫಿಲಿಪ್ಪಿಯವರಿಗೆ ಅಪೊಸ್ತಲ ಪೌಲ ಬರೆದ ಪತ್ರದ 3ನೇ ಅಧ್ಯಾಯದ ಮೇಲೆ. ಹಿಂದಿನದನ್ನು ಮರೆತು ಮುಂದಿರುವುದರ ಕಡೆ ಓಡುತ್ತೇನೆ ಅನ್ನುವ ಮಾತು ಬರುವ ಜಾಗ. ಹೊಸ ವರ್ಷದ ಕ್ಯಾಲೆಂಡರ್‌ನಲ್ಲಿ, ಕಾಫಿ ಮಗ್‌ನಲ್ಲಿ ಎಲ್ಲಾ ಕಡೆ ನೋಡಿರುತ್ತೀರಿ. ಮಾತಾಡಿದವರು ಒಬ್ಬ ಯುವ ಪಾಸ್ಟರ್. ಒಳ್ಳೆಯ ಕನ್ನಡ, ಒಳ್ಳೆಯ ಗಂಟಲು, ನಗಿಸುವುದೂ ಗೊತ್ತು. ನಿಮ್ಮ ಪಾಪ, ನಿಮ್ಮ ಸೋಲು, ನಿಮಗಾದ ನೋವು ಎಲ್ಲಾ ಇವತ್ತೇ ಮರೆಯಿರಿ ಅಂದರು. ಜನ ಕಣ್ಣೊರೆಸಿಕೊಂಡರು.

ಆದರೆ ಅದೇ ಅಧ್ಯಾಯದ ಮೇಲಿನ ಸಾಲುಗಳನ್ನು ಅವರು ಓದಿಸಲೇ ಇಲ್ಲ. ಅಲ್ಲಿ ಪೌಲ ತನ್ನ ಹಳೆಯದರ ಪಟ್ಟಿಯನ್ನು ತಾನೇ ಕೊಡುತ್ತಾನೆ. ಎಂಟನೇ ದಿನ ಸುನ್ನತಿ ಆದವನು, ಬೆನ್ಯಾಮೀನನ ಕುಲದವನು, ಇಬ್ರಿಯರಲ್ಲಿ ಇಬ್ರಿಯ, ಧರ್ಮಶಾಸ್ತ್ರದ ವಿಷಯದಲ್ಲಿ ಫರಿಸಾಯ (ಕಟ್ಟುನಿಟ್ಟಿನ ಯೆಹೂದಿ ಪಂಥದವನು), ಅದರ ನೀತಿಯ ಪ್ರಕಾರ ತಪ್ಪಿಲ್ಲದವನು. ಸಭೆಯನ್ನು ಹಿಂಸೆ ಮಾಡಿದ್ದನ್ನು ಕೂಡ ಅಲ್ಲಿ ತನ್ನ ಹುರುಪಿನ ಗುರುತಾಗಿ ಸೇರಿಸುತ್ತಾನೆ. ಅಂದರೆ ಅದು ಸೋಲಿನ ಪಟ್ಟಿಯೇ ಅಲ್ಲ, ಹೆಮ್ಮೆಯ ಪಟ್ಟಿ. ಇವೆಲ್ಲ ನಷ್ಟ ಅಂತ ಬಿಟ್ಟೆ ಅನ್ನುತ್ತಾನೆ, ಅದೂ ಬೇಡಿ ಹಾಕಿಸಿಕೊಂಡು ಸೆರೆಯಲ್ಲಿ ಕೂತು ಬರೆಯುತ್ತಾ. ಇದನ್ನು ಸರಿಯಾಗಿ ಬಿಡಿಸಿ ಹೇಳಿದ್ದರೆ ಹಾಲ್‌ನಲ್ಲಿ ಕೂತಿದ್ದ ಅರ್ಧ ಜನರಿಗೆ ಕಸಿವಿಸಿ ಆಗುತ್ತಿತ್ತು. ನಮ್ಮ ಸಭೆಗಳಲ್ಲಿ ಹಿಂದಿನದನ್ನು ಅಪ್ಪಿಕೊಂಡು ಕೂತವರೆಲ್ಲ ನೊಂದವರೇ ಅಲ್ಲ. ಮಾಜಿ ಸೆಕ್ರೆಟರಿಗಳಿದ್ದಾರೆ. ಮೂರು ಅವಧಿ ಖಜಾಂಚಿ ಆಗಿದ್ದವರಿದ್ದಾರೆ. "ಈ ಗಂಟೆ ಗೋಪುರ ನಮ್ಮ ತಾತ ಕಟ್ಟಿಸಿದ್ದು, ನಮ್ಮನ್ನು ಕೇಳದೆ ಬಣ್ಣ ಹೇಗೆ ಹೊಡೆಸಿದಿರಿ" ಅನ್ನುವವರಿದ್ದಾರೆ. ಇವರಿಗೆ ಯಾವ ರಿಟ್ರೀಟ್‌ನಲ್ಲೂ ಏನನ್ನೂ ಬಿಡಿ ಅಂತ ಯಾರೂ ಹೇಳುವುದಿಲ್ಲ.

ಇನ್ನೊಂದು ಸಂಗತಿ. ಪೌಲ ಮರೆತ ಅಂದರೆ ನೆನಪು ಅಳಿಸಿಹೋಯಿತು ಅಂತಲ್ಲ. ಕೊರಿಂಥದವರಿಗೆ ಬರೆಯುವಾಗ, ನಾನು ದೇವರ ಸಭೆಯನ್ನು ಹಿಂಸೆಪಡಿಸಿದವನು, ಅಪೊಸ್ತಲ ಅನ್ನಿಸಿಕೊಳ್ಳಲು ಯೋಗ್ಯನಲ್ಲ ಅನ್ನುತ್ತಾನೆ. ಜೆರುಸಲೇಮಿನ ಗುಂಪಿನ ಮುಂದೆ, ರಾಜ ಅಗ್ರಿಪ್ಪನ ಮುಂದೆ ಹಿಂಸಿಸಲು ಹೊರಟವನು ದಮಸ್ಕದ ದಾರಿಯಲ್ಲಿ ಬದಲಾದ ಕಥೆಯನ್ನು ಬಾಯಿಬಿಟ್ಟು ಹೇಳುತ್ತಾನೆ. ಹಳೆಯದನ್ನು ಇಷ್ಟು ಸಲ ಬಾಯಲ್ಲಿ ಹೇಳಿದ ಮನುಷ್ಯನ ಹೆಸರು ಹಿಡಿದು ನಮಗೆ "ಇನ್ನು ಅದರ ಮಾತೇ ಎತ್ತಬೇಡಿ" ಅನ್ನುವುದು ಎಲ್ಲಿಯ ನ್ಯಾಯ?

ಮಧ್ಯಾಹ್ನ ಊಟ ಆದ ಮೇಲೆ ಯೋಸೇಫ. (ಮುದ್ದೆ ಉಂಡ ಮೇಲೆ ಯಾವ ಭಾಷಣ ಇಟ್ಟರೂ ಕಷ್ಟ, ಅದು ಅವರ ತಪ್ಪಲ್ಲ.) ಅಣ್ಣಂದಿರೇ ಗುಲಾಮನಾಗಿ ಮಾರಿದ ಯೋಸೇಫನಿಗೆ ಐಗುಪ್ತದಲ್ಲಿ ಮೊದಲ ಮಗ ಹುಟ್ಟಿದಾಗ, ನನ್ನ ಕಷ್ಟವನ್ನೂ ತಂದೆಯ ಮನೆಯನ್ನೂ ದೇವರು ಮರೆಯುವಂತೆ ಮಾಡಿದ ಅಂತ ಹೇಳಿ ಮನಸ್ಸೆ ಅಂತ ಹೆಸರಿಡುತ್ತಾನೆ. ಪಾಸ್ಟರ್ ಅಲ್ಲಿಂದ ಒಂದೇ ನೆಗೆತಕ್ಕೆ ಕೊನೆಗೆ ಹೋದರು: ಅಣ್ಣಂದಿರನ್ನು ತಬ್ಬಿಕೊಂಡು ಅತ್ತ, ನೀವೂ ತಬ್ಬಿಕೊಳ್ಳಿ.

ನಡುವೆ ಏನಾಯಿತು? ಬರಗಾಲದಲ್ಲಿ ಧಾನ್ಯ ಕೇಳಿಕೊಂಡು ಬಂದ ಅಣ್ಣಂದಿರನ್ನು ಯೋಸೇಫ ನೋಡಿದ ಕೂಡಲೇ ಗುರುತು ಹಿಡಿದ. ಹೇಳಲಿಲ್ಲ. ಒರಟಾಗಿ ಮಾತಾಡಿದ. ಗೂಢಚಾರರು ಅಂತ ಮೂರು ದಿನ ಕೂಡಿಹಾಕಿದ. ಸಿಮೆಯೋನನನ್ನು ಅಲ್ಲೇ ಹಿಡಿದಿಟ್ಟುಕೊಂಡು ಉಳಿದವರನ್ನು ಕಳಿಸಿದ. ಮತ್ತೆ ಬಂದಾಗ ತನ್ನ ಬೆಳ್ಳಿ ಬಟ್ಟಲನ್ನು ತಮ್ಮ ಬೆನ್ಯಾಮೀನನ ಚೀಲದಲ್ಲಿ ಹಾಕಿಸಿ ಪರೀಕ್ಷೆ ಮಾಡಿದ. ಹಿಂದೆ "ಇವನನ್ನು ಮಾರಿಬಿಡೋಣ" ಅಂತ ಸಲಹೆ ಕೊಟ್ಟಿದ್ದವನೇ ಯೂದ, ಈಗ ಅದೇ ಯೂದ ಮುಂದೆ ಬಂದು ಹುಡುಗನ ಬದಲು ನಾನು ಗುಲಾಮನಾಗಿ ಇರುತ್ತೇನೆ, ಅವನನ್ನು ಕಳಿಸಿಬಿಡಿ ಅಂದ. ಆಗ ಯೋಸೇಫನ ಕಟ್ಟೆ ಒಡೆಯಿತು. ಅಣ್ಣಂದಿರು ಬದಲಾಗಿದ್ದಾರಾ ಅಂತ ನೋಡಿಕೊಂಡೇ ಅವನು ತಾನು ಯಾರು ಅಂತ ಹೇಳಿದ್ದು. ಕ್ಷಮಿಸುವುದಕ್ಕೂ ಮತ್ತೆ ನಂಬುವುದಕ್ಕೂ ನಡುವೆ ಇಷ್ಟು ದೂರ ಇದೆ ಅಂತ ಆದಿಕಾಂಡವೇ ಅಧ್ಯಾಯಗಟ್ಟಲೆ ಹೇಳುತ್ತಿದೆ, ನಾವು ಅದನ್ನು ಟೀ ಬ್ರೇಕ್‌ಗೆ ಮುಂಚೆ ಮುಗಿಸಿಬಿಟ್ಟೆವು.

ಆಮೇಲೆ ಬಂತು ನನಗೆ ಸಿಟ್ಟು ತರಿಸಿದ ಭಾಗ. ಬುಟ್ಟಿಯಿಂದ ಮೊಬೈಲ್‌ಗಳನ್ನು ವಾಪಸ್ ಕೊಟ್ಟರು. ಯಾರ ಮೇಲೆ ಮನಸ್ಸಿನಲ್ಲಿ ಗಂಟು ಇದೆಯೋ ಅವರಿಗೆ ಈಗಲೇ, ಇಲ್ಲೇ ಫೋನ್ ಮಾಡಿ "ಕ್ಷಮಿಸಿದ್ದೇನೆ" ಅನ್ನಬೇಕಂತೆ. ಹಿಂದೆ ಕೀಬೋರ್ಡ್ ಸಣ್ಣಗೆ ಅಳುತ್ತಿತ್ತು. ನಾನು ಅಣ್ಣನಿಗೆ ಮಾಡಲಿಲ್ಲ. ಶನಿವಾರ ಸಂಜೆ ಇದ್ದಕ್ಕಿದ್ದಂತೆ ತಂಗಿ ಫೋನ್ ಮಾಡಿ "ನಿನ್ನನ್ನು ಕ್ಷಮಿಸಿದ್ದೇನೆ" ಅಂದರೆ ನಮ್ಮಣ್ಣ ಏನಂತಾನೆ ಅಂತ ನನಗೆ ಚೆನ್ನಾಗಿ ಗೊತ್ತು. "ನನ್ನನ್ನು ಕ್ಷಮಿಸೋಕೆ ನೀನ್ಯಾರೇ?"

ನನ್ನದು ಬಿಡಿ. ನನ್ನ ರೂಮಿನಲ್ಲಿದ್ದ ಹುಡುಗಿಯ ಮುಖ ಬಿಳಿಚಿಕೊಂಡಿತ್ತು. (ಅವಳನ್ನು ಕೇಳಿಯೇ ಇಷ್ಟು ಬರೆಯುತ್ತಿದ್ದೇನೆ.) "ಅಕ್ಕಾ, ನಾನು ಯಾರಿಗೆ ಮಾಡಲಿ? ಅವನಿಗೆ ನಂಬರ್ ಸಿಗಬಾರದು ಅಂತಾನೇ ಸಿಮ್ ಬದಲಾಯಿಸಿದ್ದೀನಿ" ಅಂದಳು. ಹೊಡೆಯುವ ಗಂಡನನ್ನು ಬಿಟ್ಟು ತವರಿಗೆ ಬಂದವಳು. ಹತ್ತಿರ ನಿಂತಿದ್ದ ಸ್ವಯಂಸೇವಕಿ ಅವಳ ಹೆಗಲ ಮೇಲೆ ಕೈಯಿಟ್ಟು "ಕ್ಷಮಿಸಿದರೆ ಭಯ ಹೋಗುತ್ತೆ ಸಿಸ್ಟರ್" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು, ಆದರೂ ತಪ್ಪು ತಪ್ಪೇ. ನಾವಿಬ್ಬರೂ ಎದ್ದು ಅಡುಗೆಮನೆ ಕಡೆ ಹೋದೆವು. ಅಲ್ಲಿ ಟೀ ಕೊಟ್ಟರು, ಏನೂ ಕೇಳಲಿಲ್ಲ.

ಇಂಥ ಕೂಟ ನಡೆಸುವವರಿಗೆ ಒಂದು ಮನವಿ. ಮನೆಯಲ್ಲಿ ಹಿಂಸೆ ಅನುಭವಿಸಿದವರಿಗೆ ಹಳೆಯದು ಅನ್ನುವುದು ಹಳೆಯದಾಗಿರುವುದಿಲ್ಲ, ಅದು ಇವತ್ತೂ ಬಾಗಿಲು ತಟ್ಟಬಹುದು. ಅವರಿಗೆ ಬೇಕಾದದ್ದು ಮೊದಲು ರಕ್ಷಣೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112 ಅಂತ ಹಾಲ್‌ನ ಗೋಡೆಗೆ ಒಂದು ಹಾಳೆ ಅಂಟಿಸಿದರೆ ಯಾರ ವಿಶ್ವಾಸವೂ ಕಡಿಮೆಯಾಗುವುದಿಲ್ಲ. ಹಾಗೆಯೇ ನಿದ್ದೆ ಬರದವರು, ತಿಂಗಳುಗಟ್ಟಲೆ ಮಂಕಾಗಿ ಇರುವವರು ಇಂಥ ಕಡೆ ತುಂಬಾ ಬರುತ್ತಾರೆ. ಪ್ರಾರ್ಥನೆ ಮಾಡಿ, ಜೊತೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರನ್ನೂ ಕೊಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಿಮ್ಹಾನ್ಸ್ ಅಂತೂ ಇದೇ ಹೊಸೂರು ರಸ್ತೆಯಲ್ಲಿದೆ.

ರಾತ್ರಿ ಬೆಂಕಿ ಕಾರ್ಯಕ್ರಮ. ಎಲ್ಲರಿಗೂ ಒಂದೊಂದು ಚೀಟಿ. ಬಿಡಬೇಕಾದದ್ದನ್ನು ಬರೆದು ಅಂಗಳದ ಬೆಂಕಿಗೆ ಹಾಕಬೇಕು. ಹಾಕಿದವರಿಗೆ ಚಪ್ಪಾಳೆ. ನೋಡಲು ಚೆನ್ನಾಗಿತ್ತು, ಫೋಟೊ ಕೂಡ ಚೆನ್ನಾಗಿ ಬಂದಿವೆ. ಕೆಲವರಿಗೆ ಹಗುರ ಅನ್ನಿಸಿರಬಹುದು, ಅದನ್ನು ನಾನು ಗೇಲಿ ಮಾಡುವುದಿಲ್ಲ. ನನಗೆ ಮಾತ್ರ ಬೂದಿ ಬುಧವಾರದ ನೆನಪಾಯಿತು. ಗರಿಗಳ ಭಾನುವಾರದಲ್ಲಿ (ಈಸ್ಟರ್‌ಗೆ ಹಿಂದಿನ ಭಾನುವಾರ) ಜನ ಜೈಕಾರ ಹಾಕಿಕೊಂಡು ಹಿಡಿದ ಗರಿಗಳನ್ನೇ ಒಣಗಿಸಿಟ್ಟು, ಮುಂದಿನ ವರ್ಷ ತಪಸ್ಸುಕಾಲದ ಆರಂಭಕ್ಕೆ ಸುಟ್ಟು, ಆ ಬೂದಿಯಿಂದ ಹಣೆಗೆ ಶಿಲುಬೆ ಗುರುತು ಹಾಕುತ್ತಾರೆ. ಕಥೋಲಿಕರಲ್ಲಿ ಇದು ಎಷ್ಟೋ ಕಾಲದ ರೂಢಿ. ಅಲ್ಲೂ ಬೆಂಕಿ ಇದೆ. ಆದರೆ ಬೂದಿಯನ್ನು ತಿಪ್ಪೆಗೆ ಹಾಕುವುದಿಲ್ಲ, ಹಣೆಯ ಮೇಲೆ ಇಟ್ಟುಕೊಂಡು ಮುಂದೆ ನಲವತ್ತು ದಿನ ನಡೆಯುತ್ತಾರೆ. ನಮ್ಮ ಚೀಟಿಗಳ ಬೂದಿಯನ್ನು ಬೆಳಿಗ್ಗೆ ತೋಟದವರು ಗುಡಿಸಿ ಹಾಕಿದರು. ಒಂದು ಅರ್ಧ ಸುಟ್ಟ ಚೀಟಿ ಮೆಟ್ಟಿಲ ಮೇಲೆ ಹಾರಿ ಬಿದ್ದಿತ್ತು, ಯಾರ ಗುಟ್ಟೋ ಏನೋ, ಓದದೆ ಎತ್ತಿ ಒಲೆಗೆ ಹಾಕಿದೆ. ಕನಿಷ್ಠ ಪೂರ್ತಿ ಸುಡುವ ವ್ಯವಸ್ಥೆಯಾದರೂ ಮಾಡಿ ಮಾರಾಯರೇ.

ಇಷ್ಟು ಹೊತ್ತಿಗೆ ನಾನು ಬ್ಯಾಗ್ ತುಂಬಿಕೊಂಡು ಹೊರಡುವ ಯೋಚನೆಯಲ್ಲಿದ್ದೆ. ಹೋಗದಿದ್ದದ್ದು ಒಳ್ಳೆಯದಾಯಿತು.

ಭಾನುವಾರ ಬೆಳಿಗ್ಗೆ ತಿಂಡಿಗೆ ಮುಂಚೆ ಮರದ ಕೆಳಗೆ ಕೂಟ. ಮೈಕ್ ಇಲ್ಲ. ವಯಸ್ಸಾದ ಯೇಸುಸಭೆಯ (ಜೆಸ್ಯೂಟ್) ಫಾದರ್ ಒಬ್ಬರು, ಮಾತು ಮೆಲ್ಲಗೆ, ನಡುನಡುವೆ ಕೆಮ್ಮು. ಅವರದು ಲೊಯೋಲದ ಇಗ್ನೇಷಿಯಸ್ ಕಲಿಸಿದ ಕ್ರಮ. 1521ರಲ್ಲಿ ಪಾಂಪ್ಲೋನದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದು ಮಲಗಿದ ಸಿಪಾಯಿ ಆತ, ಆಮೇಲೆ ಸಂತನಾದವನು. ಆ ಕ್ರಮವನ್ನು ಪೂರ್ತಿ ಮಾಡಲು ಸುಮಾರು ಮೂವತ್ತು ದಿನ ಬೇಕು. ಅದರಲ್ಲಿ ವಾಕ್ಯವನ್ನು ಕೇಳಿ ಸುಮ್ಮನಾಗುವಂತಿಲ್ಲ, ಆ ಜಾಗಕ್ಕೆ ಮನಸ್ಸಿನಲ್ಲೇ ಹೋಗಿ ನಿಲ್ಲಬೇಕು, ವಾಸನೆ, ಚಳಿ, ಸದ್ದು ಸಮೇತ.

ಫಾದರ್ ತೆಗೆದುಕೊಂಡದ್ದು ಯೇಸುವಿನ ಶಿಷ್ಯ ಪೇತ್ರನನ್ನು. ಯೋಹಾನನ ಸುವಾರ್ತೆಯಲ್ಲಿ ಎರಡು ಕಡೆ ಇದ್ದಲಿನ ಬೆಂಕಿ ಬರುತ್ತದೆ ಅಂದರು. ಮೊದಲನೆಯದು ಯೇಸುವನ್ನು ಹಿಡಿದ ರಾತ್ರಿ ಮಹಾಯಾಜಕನ ಅಂಗಳದಲ್ಲಿ. ಚಳಿ ಇತ್ತು, ಆಳುಗಳು ಇದ್ದಲು ಹಾಕಿ ಬೆಂಕಿ ಮಾಡಿದ್ದರು, ಪೇತ್ರ ಅಲ್ಲಿ ಮೈ ಕಾಯಿಸಿಕೊಳ್ಳುತ್ತಾ ನಿಂತು ನಾನು ಯೇಸುವಿನ ಶಿಷ್ಯನೇ ಅಲ್ಲ ಅಂದ. ಎರಡನೆಯದು ತಿಬೇರಿಯ ಸಮುದ್ರದ ದಡದಲ್ಲಿ. ರಾತ್ರಿಯೆಲ್ಲ ಬಲೆ ಬೀಸಿ ಸುಸ್ತಾಗಿ ಬಂದವರಿಗೆ ಸತ್ತು ಮತ್ತೆ ಎದ್ದುಬಂದ ಯೇಸುಸ್ವಾಮಿ ಇದ್ದಲಿನ ಬೆಂಕಿ ಹಾಕಿ, ಮೀನು ರೊಟ್ಟಿ ಇಟ್ಟುಕೊಂಡು ಕಾಯುತ್ತಿದ್ದಾರೆ. "ಆ ಹೊಗೆ ಮೂಗಿಗೆ ಬಡಿದಾಗ ಪೇತ್ರನಿಗೆ ಏನು ನೆನಪಾಗಿರಬೇಕು, ಹೇಳಿ" ಅಂತ ಕೇಳಿ ಫಾದರ್ ಸುಮ್ಮನಾದರು. ತುಂಬಾ ಹೊತ್ತು ಸುಮ್ಮನಿದ್ದರು. ಅಡುಗೆಮನೆಯ ಸೌದೆ ಹೊಗೆ ನಮ್ಮ ಕಡೆಯೇ ಬರುತ್ತಿತ್ತು, ಅವರು ಆ ಜಾಗ ಆರಿಸಿದ್ದು ಬೇಕಂತಲೇ ಅಂತ ನನ್ನ ಗುಮಾನಿ.

ಆಮೇಲೆ ಹೇಳಿದರು: ಸ್ವಾಮಿ ಅಲ್ಲಿ "ಹೋಗಲಿ ಬಿಡು ಪೇತ್ರ, ಮರೆತುಬಿಡು" ಅನ್ನಲಿಲ್ಲ. ಬೈಯಲೂ ಇಲ್ಲ. ಮೊದಲು ಊಟ ಹಾಕಿದರು. ಊಟ ಆದ ಮೇಲೆ ಕೇಳಿದರು, ನನ್ನನ್ನು ಪ್ರೀತಿಸುತ್ತೀಯಾ ಅಂತ. ಮೂರು ಸಲ ಅಲ್ಲ ಅಂದವನನ್ನು ಮೂರು ಸಲ ಕೇಳಿದರು. ಮೂರನೇ ಸಲಕ್ಕೆ ಪೇತ್ರನಿಗೆ ನೋವಾಯಿತು ಅಂತಲೂ ಬರೆದಿದೆ. ಪ್ರತಿ ಸಲ ಉತ್ತರ ಕೊಟ್ಟ ಮೇಲೆ ಒಂದು ಕೆಲಸ ಕೊಟ್ಟರು, ನನ್ನ ಕುರಿಗಳನ್ನು ನೋಡಿಕೋ ಅಂತ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಕಥೆಯೂ ಹಾಗೆಯೇ ಅಂತ ಒಂದೇ ಮಾತಲ್ಲಿ ಸೇರಿಸಿದರು: ಯೇಸು ಮನೆಗೆ ಬಂದ ದಿನ ಅವನು ಚೀಟಿ ಸುಡಲಿಲ್ಲ, ಮೋಸ ಮಾಡಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ. ಚೀಟಿಯ ಮಾತು ಬಂದಾಗ ಯುವ ಪಾಸ್ಟರ್ ನೆಲ ನೋಡಿದರು. ಅವರ ಪರವಾಗಿ ಒಂದು ಮಾತು: ಆಮೇಲೆ ಅವರೇ ಫಾದರ್ ಹತ್ತಿರ ಹೋಗಿ ಕೂತು ಬಹಳ ಹೊತ್ತು ಮಾತಾಡುತ್ತಿದ್ದರು.

ಒಬ್ಬೊಬ್ಬರೇ ಹೋಗಿ ಫಾದರ್ ಜೊತೆ ಮಾತಾಡುವ ಅವಕಾಶ ಇತ್ತು. ಈ ರಿಟ್ರೀಟ್‌ನ ನಿಜವಾದ ಬೆಲೆ ಇಲ್ಲೇ ಇರುವುದು, ಆದರೆ ಬೇಕು ಅನ್ನುವವರಿಗೆಲ್ಲ ಸಮಯ ಸಾಲಲಿಲ್ಲ. ಶನಿವಾರದ ಅರ್ಧ ಕಾರ್ಯಕ್ರಮ ತೆಗೆದು ಇದಕ್ಕೆ ಕೊಡಬೇಕು. ನಾನು ಸೈಟಿನ ಕಥೆ ಹೇಳಿದೆ. ಅವರು ಕೇಳಿದ ಪ್ರಶ್ನೆ ನನ್ನ ಲೆಕ್ಕದಲ್ಲೇ ಇರಲಿಲ್ಲ. "ಸೈಟಿನ ಲೆಕ್ಕ ಮುಗಿಯುವವರೆಗೆ ಅಣ್ಣನ ಮಕ್ಕಳನ್ನೂ ನೋಡಬಾರದು ಅಂತ ಯಾರಮ್ಮಾ ಹೇಳಿದ್ದು?" ಯಾರೂ ಹೇಳಿರಲಿಲ್ಲ. ನಿನಗೆ ಬರಬೇಕಾದ ಭಾಗ ಕೇಳುವುದು ಪಾಪ ಅಲ್ಲ, ಅದನ್ನು ವಕೀಲರ ಹತ್ತಿರ ಮಾತಾಡು, ಆದರೆ ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡ ಅಂದರು. ಅಷ್ಟೇ. ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಕಳಿಸಿದರು.

ಫಲ ಸಿಕ್ಕಿತಾ ಅಂತ ಕೇಳುವವರಿಗೆ: ನೋಟಿಸಿಗೆ ಉತ್ತರ ಕಳಿಸಿದ್ದೇನೆ. ಅಣ್ಣನ ಮಗಳ ದೃಢೀಕರಣದ (ವಿಶ್ವಾಸವನ್ನು ತಾವೇ ಒಪ್ಪಿಕೊಳ್ಳುವ) ಆರಾಧನೆಗೂ ಹೋಗಿ ಬಂದೆ. ಅಣ್ಣ ಮಾತಾಡಲಿಲ್ಲ. ಅತ್ತಿಗೆ ಎರಡು ಸಲ ಬಿರಿಯಾನಿ ಬಡಿಸಿದರು.

ರಿಟ್ರೀಟ್ ಮುಗಿದ ಮೇಲಿನ ಸೇವೆ ಅಂತ ಏನೂ ಇಲ್ಲ. ಒಂದು ವಾಟ್ಸಾಪ್ ಗ್ರೂಪ್ ಮಾಡಿದ್ದಾರೆ, ಅದರಲ್ಲಿ ದಿನಾ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಬರುತ್ತದೆ. ಮ್ಯೂಟ್ ಮಾಡಿದ್ದೇನೆ. ಎರಡೂವರೆ ಸಾವಿರ ಕೊಡುವುದು ಕಷ್ಟ ಅನ್ನುವವರು ಮೊದಲು ನಿಮ್ಮ ಸಭೆಯಲ್ಲೇ ಏನಿದೆ ನೋಡಿ. ಮೆಥಡಿಸ್ಟ್ ಪರಂಪರೆಯಲ್ಲಿ ವರ್ಷದ ಆರಂಭಕ್ಕೆ ಒಡಂಬಡಿಕೆಯ ಆರಾಧನೆ ಇದೆ, ಜಾನ್ ವೆಸ್ಲಿ 1755ರಲ್ಲಿ ಲಂಡನ್‌ನಲ್ಲಿ ಶುರು ಮಾಡಿದ್ದು. ದೇವರೇ, ನನ್ನನ್ನು ಕೆಲಸಕ್ಕೆ ಹಚ್ಚಿದರೂ ಸರಿ, ಪಕ್ಕಕ್ಕೆ ಇಟ್ಟರೂ ಸರಿ ಅಂತ ಎಲ್ಲರೂ ಒಟ್ಟಿಗೆ ಒಪ್ಪಿಕೊಳ್ಳುವ ಪ್ರಾರ್ಥನೆ ಅದರಲ್ಲಿದೆ, ಮಾಜಿ ಸೆಕ್ರೆಟರಿಗಳು ತಪ್ಪದೆ ಹೋಗಬೇಕು. ಕಥೋಲಿಕರಿಗೆ ಪಾಪನಿವೇದನೆ ಹೇಗೂ ಇದೆ, ಫೀಸ್ ಇಲ್ಲ.

ಮತ್ತೆ ಹೋಗುತ್ತೀರಾ ಅಂದರೆ, ಆ ಫಾದರ್ ಬರುವ ವಾರವಾದರೆ ಹೋಗುತ್ತೇನೆ, ಬುಕ್ ಮಾಡುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳುತ್ತೇನೆ. ನೀವೂ ಕೇಳಿಕೊಳ್ಳಿ. ಸ್ವೆಟರ್ ಮತ್ತು ಸೊಳ್ಳೆ ಬತ್ತಿ ತೆಗೆದುಕೊಂಡು ಹೋಗಿ. ಅಡುಗೆಯವರಿಗೆ ಏನಾದರೂ ಕೊಡಬೇಕು ಅನ್ನಿಸಿದರೆ ಕಾಣಿಕೆ ಪೆಟ್ಟಿಗೆಗೆ ಹಾಕಬೇಡಿ, ಅವರ ಕೈಗೇ ಕೊಡಿ.